ಒತ್ತಿಗೆ ಒಂದಿಷ್ಟು ಜಾಗ

(ವಿನ್ಯಾಸ ಕಲಿಯುತ್ತಿರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲ ಚಿತ್ರ ಒಂದು ಬಟನ್‌ನದು. ಹಸಿರು ಬಣ್ಣ, ಮೂಲೆಗಳು ಸ್ವಲ್ಪ ದುಂಡಗೆ, ಒಳಗೆ ಬಿಳಿ ಅಕ್ಷರ. ಏನಂತ ಬರೆದಿದೆ, ಜೋರಾಗಿ ಓದಿ ನೋಡೋಣ. ಹೌದು, "ಪುಸಕಗಳು". ನಾನು ಬರೆದದ್ದು "ಪುಸ್ತಕಗಳು" ಅಂತ. ತ ಒತ್ತು ಎಲ್ಲೂ ಹೋಗಿಲ್ಲ, ಫೈಲಿನಲ್ಲಿ ಸರಿಯಾಗಿಯೇ ಇದೆ. ಬಟನ್‌ನ ಎತ್ತರ ಸಾಲಲಿಲ್ಲ. ಹಾಗಾಗಿ ಅದರ ಕೆಳ ಅಂಚು ಒತ್ತನ್ನು ಕತ್ತರಿಸಿ ಹಾಕಿದೆ. ಇಂಗ್ಲಿಷಿನಲ್ಲಿ "ಬುಕ್ಸ್" ಅಂತ ಬರೆದು, ಅದಕ್ಕೆ ಸರಿಯಾಗಿ ಅಳತೆ ಇಟ್ಟು, ಆಮೇಲೆ ಅದೇ ಡಬ್ಬಿಯೊಳಗೆ ಕನ್ನಡ ತುಂಬಿದರೆ ಹೀಗಾಗುತ್ತದೆ. 2012ರಲ್ಲಿ ಈ ತಪ್ಪು ಮಾಡಿದವಳು ನಾನೇ.

ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಈ ಕೆಲಸ ಮಾಡುತ್ತಿದ್ದೇನೆ. ಮದುವೆ ಪತ್ರಿಕೆ, ಪೋಸ್ಟರ್, ಪುಸ್ತಕದ ಮುಖಪುಟ, ವೆಬ್‌ಸೈಟ್, ಮಕ್ಕಳ ಕಾರ್ಡು, ಎಲ್ಲ ಮಾಡಿದ್ದೇನೆ. ಹಳೆಯ ಕೆಲಸಗಳ ಬಗ್ಗೆ ಮಾತಾಡಿ ಅಂತ ನೀವು ಕರೆದಾಗ ಎಲ್ಲವನ್ನೂ ತೆಗೆದು ಮೇಜಿನ ಮೇಲೆ ಹರಡಿಕೊಂಡೆ. ನೋಡುತ್ತಾ ಹೋದಂತೆ ಒಂದು ವಿಷಯ ಎದ್ದು ಕಂಡಿತು. ಎಲ್ಲೆಲ್ಲಿ ಕೆಲಸ ಕೆಟ್ಟಿದೆಯೋ ಅಲ್ಲೆಲ್ಲ ಅಕ್ಷರದ ಕೆಳಗೆ ಜಾಗ ಸಾಲದೆ ಕೆಟ್ಟಿದೆ. ಕನ್ನಡದ ಸಾಲು ಬರೀ ಎಡದಿಂದ ಬಲಕ್ಕೆ ಹೋಗುವುದಿಲ್ಲ, ಕೆಳಕ್ಕೂ ಇಳಿಯುತ್ತದೆ. ಆ ಜಾಗವನ್ನು ಮೊದಲೇ ಬಿಡದೆ ಹೋದರೆ ಆಮೇಲೆ ಎಷ್ಟು ಸಿಂಗಾರ ಮಾಡಿದರೂ ಪ್ರಯೋಜನ ಇಲ್ಲ. ಇವತ್ತು ನಾನು ಹೇಳಬೇಕಾದದ್ದು ಇಷ್ಟೇ. ಇದನ್ನು ನನಗೆ ಕಲಿಸಿದ ಕೆಲಸಗಳನ್ನು ತೋರಿಸುತ್ತಾ ಹೋಗುತ್ತೇನೆ.

ನಾನು ಶಿವಮೊಗ್ಗದವಳು. ಪಿಯುಸಿ ಮುಗಿಸಿದ ರಜೆಯಲ್ಲಿ ಗಾಂಧಿ ಬಜಾರಿನ ಹತ್ತಿರದ ಒಂದು ಪುಟ್ಟ ಪ್ರೆಸ್ಸಿಗೆ ಕೆಲಸಕ್ಕೆ ಸೇರಿದೆ. ಮುಂದಿನ ಕೋಣೆಯಲ್ಲಿ ಎರಡು ಕಂಪ್ಯೂಟರ್. ಪುಟ ವಿನ್ಯಾಸಕ್ಕೆ ಪೇಜ್‌ಮೇಕರ್, ಕೋರೆಲ್‌ಡ್ರಾ, ಕನ್ನಡ ಟೈಪ್ ಮಾಡೋಕೆ ನುಡಿ ತಂತ್ರಾಂಶ. ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಈ ಕೆಲಸಕ್ಕೆ ನಾವು ಡಿಟಿಪಿ ಅನ್ನುತ್ತಿದ್ದೆವು. ಹಿಂದಿನ ಕೋಣೆಯಲ್ಲಿ ಟ್ರೆಡಲ್ ಅನ್ನುವ ಹಳೆಯ ಮುದ್ರಣ ಯಂತ್ರ, ಅದರ ಪಕ್ಕ ಅಚ್ಚುಮೊಳೆಗಳನ್ನು, ಅಂದರೆ ಸೀಸದ ಬಿಡಿ ಅಕ್ಷರಗಳನ್ನು ಇಡುವ ಮರದ ಕೇಸುಗಳು. ಆಗಲೇ ಅವಕ್ಕೆ ಕೆಲಸ ಕಮ್ಮಿ. ರಸೀದಿ ಪುಸ್ತಕ, ದೇವಸ್ಥಾನದ ಕರಪತ್ರ, ಅಷ್ಟೇ. ಮೊಳೆ ಜೋಡಿಸುತ್ತಿದ್ದವರಿಗೆ ಎಪ್ಪತ್ತು ದಾಟಿತ್ತು. ನಾವೆಲ್ಲ ಅವರನ್ನು ಅಜ್ಜ ಅಂತಲೇ ಕರೆಯುತ್ತಿದ್ದೆವು.

ಅಜ್ಜನ ಕೇಸಿನಲ್ಲಿ ಒತ್ತಕ್ಷರಗಳಿಗೆ ಬೇರೆಯೇ ಗೂಡುಗಳಿದ್ದವು. ಅವರು ಕನ್ನಡಕ ಹಾಕಿಕೊಳ್ಳದೆ, ಕೇಸಿನ ಕಡೆ ನೋಡದೆ, ಕೈ ಹಾಕಿ ಸರಿಯಾದ ಮೊಳೆ ತೆಗೆಯುತ್ತಿದ್ದರು. ಒಂದು ದಿನ ನಾನು ಕಂಪ್ಯೂಟರಿನಲ್ಲಿ ಒಂದು ಪುಟಕ್ಕೆ ಜಾಸ್ತಿ ಸಾಲು ಹಿಡಿಸಲಿ ಅಂತ ಸಾಲುಗಳನ್ನು ಹತ್ತಿರ ಹತ್ತಿರ ತಂದೆ. ಪ್ರಿಂಟ್ ತೆಗೆದು ಅಜ್ಜನಿಗೆ ತೋರಿಸಿದೆ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ಎರಡು ಸಾಲಿನ ನಡುವೆ ಬೆರಳು ಇಟ್ಟರು. "ನೋಡು ಪುಟ್ಟಿ, ಮೇಲಿನ ಮನೆಯವರು ಕಾಲು ಚಾಚಿದ್ದಾರೆ, ಕೆಳಗಿನ ಮನೆಯವರ ತಲೆಗೆ ಬಡೀತಿದೆ" ಅಂದರು. ಮೇಲಿನ ಸಾಲಿನ "ಶಾಸ್ತ್ರ"ದ ಒತ್ತುಗಳು ಕೆಳಗಿನ ಸಾಲಿನ ಗುಡಿಸಿಗೆ ಅಂಟಿಕೊಂಡಿದ್ದವು. ಮೊಳೆ ಜೋಡಿಸುವಾಗ ಹೀಗೆ ಆಗಲು ಸಾಧ್ಯವೇ ಇರಲಿಲ್ಲ. ಸೀಸದ ತುಂಡು ಇನ್ನೊಂದು ಸೀಸದ ತುಂಡಿನ ಮೇಲೆ ಏರುವುದಿಲ್ಲ ಅಲ್ವಾ. ಸಾಲುಗಳ ನಡುವೆ ಸೀಸದ ಪಟ್ಟಿ ಇಟ್ಟರೆ ಇನ್ನಷ್ಟು ಜಾಗ. ಕಂಪ್ಯೂಟರಿನಲ್ಲಿ ಆ ತಡೆ ಇಲ್ಲ. ಅಕ್ಷರದ ಮೇಲೆ ಅಕ್ಷರ ಹತ್ತಿದರೂ ಅದು ಸುಮ್ನೆ ಇರುತ್ತದೆ. ಹಾಗಾಗಿ ಆ ಎಚ್ಚರ ನಮ್ಮ ಕಣ್ಣಿಗೇ ಬರಬೇಕು.

ಆ ಪ್ರೆಸ್ಸಿನಲ್ಲಿ ನಾನು ಮಾಡಿದ ಮೊದಲ ಸ್ವತಂತ್ರ ಕೆಲಸ ಈ ಮದುವೆ ಪತ್ರಿಕೆ. ಹಳದಿ ಕಾರ್ಡು, ಕುಂಕುಮದ ಬಣ್ಣದ ಅಕ್ಷರ, ಸ್ಕ್ರೀನ್ ಪ್ರಿಂಟಿಂಗ್. ಮದುವೆ ಪತ್ರಿಕೆ ಅಂದರೆ ಎಲ್ಲರಿಗೂ ಸಸಾರ. ನನ್ನ ಮಟ್ಟಿಗೆ ಅದಕ್ಕಿಂತ ಕಷ್ಟದ ವಿನ್ಯಾಸ ಇನ್ನೊಂದಿಲ್ಲ. ಒಂದು ಅಂಗೈ ಅಗಲದ ಕಾಗದದಲ್ಲಿ ಎರಡು ಮನೆತನ, ಮೂರು ತಲೆಮಾರು, ತಿಥಿ, ನಕ್ಷತ್ರ, ಲಗ್ನ, ಛತ್ರದ ವಿಳಾಸ ಎಲ್ಲ ಇರಬೇಕು. ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾರದು ಎಷ್ಟು ದಪ್ಪ ಅನ್ನುವುದು ಕಣ್ಣಿಗೆ ಚೆಂದ ಕಾಣುವುದರಿಂದ ತೀರ್ಮಾನವಾಗುವುದಿಲ್ಲ. ಮನೆಯ ಹಿರಿಯರು ತೀರ್ಮಾನಿಸುತ್ತಾರೆ.

ನಾನು ವಧು ವರರ ಹೆಸರನ್ನು ದೊಡ್ಡದಾಗಿ ಇಟ್ಟು, ಛತ್ರದ ಹೆಸರನ್ನು ಕೆಳಗೆ ಸಣ್ಣದಾಗಿ ಹಾಕಿದ್ದೆ. ನೋಡೋಕೆ ಚೆನ್ನಾಗಿತ್ತು. ಹುಡುಗಿಯ ಅಜ್ಜಿ ಪ್ರೂಫ್ ನೋಡೋಕೆ ಬಂದರು. ಕಾರ್ಡನ್ನು ಕೈ ಉದ್ದ ಮಾಡಿ ದೂರ ಹಿಡಿದರು. "ಏನಮ್ಮಾ, ಹುಡುಗ ಹುಡುಗಿ ಯಾರು ಅಂತ ಬರೋರಿಗೆ ಗೊತ್ತೇ ಇರತ್ತೆ. ಊರಿಂದ ಬಸ್ಸಲ್ಲಿ ಬಂದು ಇಳಿಯೋರಿಗೆ ಛತ್ರ ಎಲ್ಲಿ ಅಂತ ಗೊತ್ತಾಗ್ಬೇಕಲ್ಲ" ಅಂದರು. ಛತ್ರದ ಹೆಸರು ದೊಡ್ಡದಾಯಿತು. ಅದರ ಕೆಳಗೆ "ಬಸ್ ನಿಲ್ದಾಣದ ಹತ್ತಿರ" ಅನ್ನುವ ಸಾಲು ಸೇರಿತು. ಕಾರ್ಡು ಮೊದಲಿನಷ್ಟು ಅಚ್ಚುಕಟ್ಟಾಗಿ ಕಾಣಲಿಲ್ಲ, ಆದರೆ ಕೆಲಸಕ್ಕೆ ಬಂತು. ಈಗಲೂ ಯಾವುದೇ ವೆಬ್‌ಸೈಟ್ ಶುರು ಮಾಡುವ ಮೊದಲು ನಾನು ಕೇಳಿಕೊಳ್ಳುವುದು ಅದನ್ನೇ. ಬಸ್ಸು ಇಳಿದು ಬರುವವರು ಮೊದಲು ಏನನ್ನು ಹುಡುಕುತ್ತಾರೆ?

ಪತ್ರಿಕೆಯಲ್ಲಿ "ಚಿ॥ ಸೌ॥" ಅಂತ ಬರೆಯುತ್ತೇವೆ ನೋಡಿ, ಆ ಎರಡು ಗೀಟು. ವರ್ಷಗಳ ನಂತರ ಅದೇ ಮನೆಯವರು ಇನ್ನೊಂದು ಮದುವೆಗೆ ಮೊಬೈಲಿನಲ್ಲಿ ತೆರೆಯುವ ಆಹ್ವಾನ ಮಾಡಿಸಿದರು. ಅಲ್ಲಿ ಆ ಗೀಟುಗಳು ಮಾತ್ರ ತೆಳ್ಳಗೆ, ಬೇರೆ ಯಾರೋ ಬರೆದ ಹಾಗೆ ಕಂಡವು. ಕಾರಣ ಹುಡುಕಿದೆ. ಯುನಿಕೋಡ್ ಅಂದರೆ ಲಿಪಿಗಳ ಒಂದೊಂದು ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಒಂದೊಂದು ಸಂಕೇತ ಕೊಡುವ ವ್ಯವಸ್ಥೆ. ಅದರಲ್ಲಿ ಈ ಗೀಟಿಗೆ ಕನ್ನಡದ ವಿಭಾಗದಲ್ಲಿ ಜಾಗ ಕೊಟ್ಟಿಲ್ಲ. ದೇವನಾಗರಿ ವಿಭಾಗದಲ್ಲಿರುವ ಗೀಟನ್ನೇ ಭಾರತದ ಬೇರೆ ಹಲವು ಲಿಪಿಗಳೂ ಬಳಸಬೇಕು. ನಾನು ಆರಿಸಿದ್ದ ಕನ್ನಡ ಫಾಂಟಿನಲ್ಲಿ ಅದು ಇರಲಿಲ್ಲ, ಹಾಗಾಗಿ ಫೋನು ಬೇರೆ ಫಾಂಟಿನಿಂದ ತಂದು ಅಂಟಿಸಿತ್ತು. ಫಾಂಟ್ ಬದಲಾಯಿಸಿದೆ. ಸಣ್ಣ ವಿಷಯವೇ, ಆದರೆ ಮಗಳ ಹೆಸರಿನ ಹಿಂದೆ ಇರುವ ಗೀಟು ಸರಿಯಾಗಿರಬೇಕು.

ಬೆಂಗಳೂರಿಗೆ ಬಂದ ಮೇಲಿನ ಮೊದಲ ಕೆಲವು ವರ್ಷಗಳ ಕೆಲಸವನ್ನು ಬೇಗ ದಾಟಿಸುತ್ತೇನೆ. ಇಂಗ್ಲಿಷ್ ಬ್ರೋಷರುಗಳು, ಕಂಪನಿಗಳ ಲೋಗೋ, ಬ್ಯಾನರು. ಹೊಟ್ಟೆಪಾಡು ನಡೆಯಿತು, ಕೈ ಪಳಗಿತು. ಅದರಲ್ಲಿ ಒಂದು ವಿಷಯ ಮಾತ್ರ ಹೇಳಬೇಕು. ಆಗ ವೆಬ್‌ಸೈಟಿನಲ್ಲಿ ಕನ್ನಡ ಬೇಕು ಅಂದರೆ ನಾವು ಕನ್ನಡವನ್ನು ಚಿತ್ರ ಮಾಡಿ ಅಂಟಿಸುತ್ತಿದ್ದೆವು. ಕನ್ನಡಕ್ಕೆ ಯುನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಜಾಗ ಇದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಅನ್ನುವ ಕನ್ನಡ ಫಾಂಟ್ ಕೂಡ ಇತ್ತು. ಶಿವಮೊಗ್ಗದವಳಿಗೆ ಆ ಹೆಸರು ನೋಡಿಯೇ ಖುಷಿ, ನಾವು ಈಜು ಕಲಿತ ಹೊಳೆಯಲ್ವಾ ಅದು. ಆದರೆ ಕನ್ನಡ ಸರಿಯಾಗಿ ಕೂಡಿಕೊಂಡು ಕಾಣಬೇಕಾದರೆ ಕಂಟ್ರೋಲ್ ಪ್ಯಾನೆಲ್ ತೆರೆದು, ಭಾಷೆಯ ವಿಭಾಗದಲ್ಲಿ ಒಂದು ಚೌಕಕ್ಕೆ ಗುರುತು ಹಾಕಬೇಕಿತ್ತು. ಎಷ್ಟೋ ಸಲ ವಿಂಡೋಸ್ ಸೀಡಿಯನ್ನೂ ಕೇಳುತ್ತಿತ್ತು. ಸೈಬರ್ ಕೆಫೆಯಲ್ಲಿ ಯಾರು ಇಷ್ಟೆಲ್ಲ ಮಾಡುತ್ತಾರೆ? ಹಾಗಾಗಿ ಚಿತ್ರ. ಚಿತ್ರದಲ್ಲಿರುವ ಕನ್ನಡವನ್ನು ಹುಡುಕೋಕೆ ಆಗಲ್ಲ, ನಕಲು ಮಾಡೋಕೆ ಆಗಲ್ಲ, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಸಿಗಲ್ಲ. ಆ ಕಾಲದ ನನ್ನ ಕೆಲಸಗಳಲ್ಲಿ ಇವತ್ತು ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಅದು ನನಗೆ ನಿಜವಾಗಿ ನೋವು ಕೊಡುವ ವಿಷಯ.

ಈಗ ಆ ಹಸಿರು ಬಟನ್‌ನ ಕೆಲಸಕ್ಕೆ ಬರುತ್ತೇನೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಯಾಕಂದರೆ ನನಗೆ ಕೆಲಸ ಕಲಿಸಿದ್ದು ಇದೇ.

ಮಲೆನಾಡಿನ ಒಂದು ಊರಿನಿಂದ ಹೊರಡುತ್ತಿದ್ದ ಸಣ್ಣ ಸಾಹಿತ್ಯ ಪತ್ರಿಕೆ. ಸಂಪಾದಕರು ನಿವೃತ್ತ ಮೇಷ್ಟ್ರು. ಹಳೆಯ ಸಂಚಿಕೆಗಳನ್ನೆಲ್ಲ ವೆಬ್‌ಸೈಟಿಗೆ ಹಾಕಬೇಕು ಅನ್ನುವುದು ಅವರ ಆಸೆ. ಬರಹಗಳೆಲ್ಲ ಹಳೆಯ ಫಾಂಟ್‌ಗಳಲ್ಲಿ ಟೈಪ್ ಆಗಿದ್ದವು. ನಿಮಗೆ ಇದು ಗೊತ್ತಿರಲಿಕ್ಕಿಲ್ಲ. ಆ ಫಾಂಟ್‌ಗಳಲ್ಲಿ ಕಂಪ್ಯೂಟರ್ ಒಳಗೆ ಇಟ್ಟುಕೊಳ್ಳುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳನ್ನೇ. ಮೇಲೆ ಕಾಣುವ ಆಕಾರ ಮಾತ್ರ ಕನ್ನಡ. ಫಾಂಟ್ ಇಲ್ಲದ ಕಡೆ ಆ ಫೈಲ್ ತೆರೆದರೆ "ಕನ್ನಡ" ಅನ್ನುವ ಪದದ ಜಾಗದಲ್ಲಿ ತಲೆಯ ಮೇಲೆ ಗೆರೆ, ಚುಕ್ಕೆ ಇರುವ ವಿಚಿತ್ರ ಅಕ್ಷರಗಳ ಸಾಲು ಕಾಣುತ್ತದೆ. ಆ ಕಾಲಕ್ಕೆ ಅದು ದೊಡ್ಡ ಉಪಕಾರ ಮಾಡಿತು, ಮರೆಯಬಾರದು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ, ಶೇಷಾದ್ರಿವಾಸು ಅವರ "ಬರಹ" ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನ "ನುಡಿ" ಇಲ್ಲದಿದ್ದರೆ ನಮ್ಮಂಥ ಸಣ್ಣ ಊರಿನ ಹುಡುಗಿಯರು ಕನ್ನಡದಲ್ಲಿ ಟೈಪ್ ಮಾಡುತ್ತಲೇ ಇರಲಿಲ್ಲ. ಆದರೆ ವೆಬ್‌ಗೆ ಯುನಿಕೋಡ್ ಬೇಕು. ಹಾಗಾಗಿ ಎಲ್ಲವನ್ನೂ ಪರಿವರ್ತಿಸಬೇಕಿತ್ತು.

ಪರಿವರ್ತನೆಗೆ ತಂತ್ರಾಂಶ ಇತ್ತು. ಆದರೂ ಒಂದು ತೊಡಕು. ಹಳೆಯ ಫಾಂಟ್‌ನಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿರುತ್ತವೆ. ಯುನಿಕೋಡ್‌ನಲ್ಲಿ ಬಾಯಲ್ಲಿ ಹೇಳುವ ಕ್ರಮದಲ್ಲಿ ಕೂರಬೇಕು. "ಸೂರ್ಯ" ತಗೊಳ್ಳಿ. ಬರೆಯುವಾಗ ಮೊದಲು ಯ, ಆಮೇಲೆ ಅರ್ಕಾವೊತ್ತು. ಹೇಳುವಾಗ ಮೊದಲು ರ್, ಆಮೇಲೆ ಯ. "ಅಕ್ಕೆ" ಅನ್ನುವಲ್ಲಿ ಏತ್ವ ಮೇಲಿನ ಕ ಮೇಲೆ ಕಾಣುತ್ತದೆ, ಯುನಿಕೋಡ್‌ನಲ್ಲಿ ಅದು ಒತ್ತೂ ಮುಗಿದ ಮೇಲೆ ಬರುತ್ತದೆ. ನೂರಾರು ಪುಟಗಳಲ್ಲಿ ಇಂಥ ಜಾಗಗಳು ಎಲ್ಲೆಲ್ಲಿ ತಪ್ಪಿವೆ ಅಂತ ಕೂತು ನೋಡಬೇಕು. ನೋಡಿದೆವು. ನಾನು, ಮೇಷ್ಟ್ರು, ಅವರ ಸೊಸೆ, ಮೂರು ಜನ ಒಂದು ಮಳೆಗಾಲ ಪೂರ್ತಿ ಕೂತಿದ್ದೆವು.

ಎಲ್ಲ ಮುಗಿಯಿತು ಅಂದುಕೊಂಡು ವೆಬ್‌ಸೈಟ್ ತೆರೆದ ದಿನ ಮೇಷ್ಟ್ರು ಫೋನ್ ಮಾಡಿದರು. "ಅಲ್ಲಮ್ಮಾ, ನಾನು ಅಂಗಳ ಅಂತ ಹುಡುಕ್ತೀನಿ, ನನ್ನದೇ ಕತೆ ಸಿಗ್ತಿಲ್ಲ." ನಾನೂ ಹುಡುಕಿದೆ. ಇಲ್ಲ. ಕತೆಯ ಪುಟ ತೆರೆದು ನೋಡಿದರೆ "ಅಂಗಳ" ಅಂತ ಸ್ಪಷ್ಟವಾಗಿ ಇದೆ. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಒಂದೊಂದೇ ಅಕ್ಷರದ ಸಂಕೇತ ತೆಗೆದು ನೋಡಿದಾಗ ಗೊತ್ತಾಯಿತು. ಅಲ್ಲಿದ್ದದ್ದು ಅನುಸ್ವಾರ ಅಲ್ಲ, ಕನ್ನಡದ ಅಂಕಿ ಸೊನ್ನೆ. ಯಾವಾಗಲೋ ಟೈಪ್ ಮಾಡಿದವರು ಎರಡೂ ಒಂದೇ ಥರ ಕಾಣುತ್ತವಲ್ಲ ಅಂತ ಸೊನ್ನೆಯನ್ನೇ ಒತ್ತಿದ್ದರು. ನಾವು ಮಾತಿನಲ್ಲೂ ಎರಡಕ್ಕೂ ಸೊನ್ನೆ ಅಂತಲೇ ಹೇಳುತ್ತೇವೆ ಅಲ್ವಾ. ಕಣ್ಣಿಗೆ ವ್ಯತ್ಯಾಸ ಇಲ್ಲ, ಕಂಪ್ಯೂಟರಿಗೆ ಎರಡೂ ಬೇರೆ ಬೇರೆ.

ಎಲ್ಲ ಸೊನ್ನೆಗಳನ್ನೂ ಒಂದೇ ಏಟಿಗೆ ಅನುಸ್ವಾರ ಮಾಡೋಣ ಅಂದರೆ ಅದೂ ಆಗಲ್ಲ. ಪತ್ರಿಕೆಯಲ್ಲಿ ಇಸವಿಗಳನ್ನು ಕನ್ನಡ ಅಂಕಿಯಲ್ಲೇ ಹಾಕಿದ್ದರು. ೧೯೮೦ ಅನ್ನುವುದರ ಕೊನೆಯ ಸೊನ್ನೆ ನಿಜವಾದ ಸೊನ್ನೆ. ಕೊನೆಗೆ ಒಂದು ನಿಯಮ ಬರೆದೆವು. ಅಂಕಿ ಆದ ಮೇಲೆ ಬಂದ ಸೊನ್ನೆಯನ್ನು ಮುಟ್ಟಬೇಡ, ಅಕ್ಷರ ಆದ ಮೇಲೆ ಬಂದದ್ದನ್ನು ಬದಲಾಯಿಸು. ಮಾರನೇ ದಿನ ಮೇಷ್ಟ್ರ ಅಂಗಳ ಸಿಕ್ಕಿತು. ಅವರು ಫೋನಿನಲ್ಲಿ ಆ ಕತೆಯ ಮೊದಲ ಪುಟವನ್ನು ನನಗೆ ಪೂರ್ತಿ ಓದಿ ಹೇಳಿದರು. ನಾನು ಮಾಡಿದ ಯಾವ ಕೆಲಸಕ್ಕೂ ಅದಕ್ಕಿಂತ ದೊಡ್ಡ ಸಂಭಾವನೆ ಸಿಕ್ಕಿಲ್ಲ.

ಇನ್ನು ವಿನ್ಯಾಸ. ಹೊರಗಿನ ಒಂದು ಸಂಸ್ಥೆಯಿಂದ ಸಿದ್ಧ ಚೌಕಟ್ಟು ತಂದಿದ್ದೆ, ಇಂಗ್ಲಿಷ್ ಸೈಟುಗಳಿಗೆ ಅಂತ ಮಾಡಿದ್ದು. ಸಾಲಿನ ಎತ್ತರ ಅಕ್ಷರದ ಅಳತೆಯ ಒಂದೂವರೆ ಪಟ್ಟು. ಇಂಗ್ಲಿಷಿಗೆ ಅದು ಹಿತವಾಗಿದೆ. ಕನ್ನಡ ಹಾಕಿದ ತಕ್ಷಣ ಅಜ್ಜ ಹೇಳಿದ ಮಾತೇ ನೆನಪಾಯಿತು, ಮೇಲಿನವರ ಕಾಲು ಕೆಳಗಿನವರ ತಲೆಗೆ. ಅಳೆದು ಅಳೆದು ಕೊನೆಗೆ 18 ಪಿಕ್ಸೆಲ್ ಅಕ್ಷರಕ್ಕೆ 32 ಪಿಕ್ಸೆಲ್ ಸಾಲು ಅಂತ ನಿಲ್ಲಿಸಿದೆ. ಅದಕ್ಕಿಂತ ಜಾಸ್ತಿ ಕೊಟ್ಟರೆ ಗದ್ಯವೂ ಪದ್ಯದ ಹಾಗೆ ಬಿಡಿ ಬಿಡಿಯಾಗಿ ಕಾಣುತ್ತದೆ. ಎರಡು ಬದಿಯೂ ಸಮನಾಗಿ ನಿಲ್ಲುವ ಹಾಗೆ ಸಾಲು ಜೋಡಿಸುವುದನ್ನೂ ಬಿಟ್ಟೆ. ನಮ್ಮ ಪದಗಳು ಉದ್ದ. "ಹೋಗಬೇಕಾಗಿದ್ದುದರಿಂದ" ಅನ್ನುವ ಒಂದು ಪದ ಫೋನಿನ ಸಾಲನ್ನು ಮುಕ್ಕಾಲು ತುಂಬುತ್ತದೆ. ಅಕ್ಕಪಕ್ಕದ ಸಾಲುಗಳಲ್ಲಿ ಪದಗಳ ನಡುವೆ ಹಳ್ಳ ಬೀಳುತ್ತದೆ.

ಆ ಚೌಕಟ್ಟು ಪ್ರತಿ ಕತೆಯ ಮೊದಲ ಅಕ್ಷರವನ್ನು ದೊಡ್ಡದಾಗಿ ತೋರಿಸುತ್ತಿತ್ತು. ಒಂದು ಲೇಖನ "ಸ್ತ್ರೀಯರು" ಅಂತ ಶುರುವಾಗುತ್ತಿತ್ತು. ಕೆಲವು ಬ್ರೌಸರುಗಳಲ್ಲಿ ದೊಡ್ಡದಾಗಿ ಬಂದದ್ದು ಬರೀ "ಸ್". ಉಳಿದ ಅಕ್ಷರ ಪಕ್ಕದಲ್ಲಿ ಸಣ್ಣದಾಗಿ ಬಿದ್ದಿತ್ತು. ಮುಖಪುಟದಲ್ಲಿ ಲೇಖನದ ಮೊದಲ ನೂರು ಅಕ್ಷರ ತೋರಿಸಿ ಕತ್ತರಿಸುವ ವ್ಯವಸ್ಥೆಯೂ ಹಾಗೇ. "ರಾಷ್ಟ್ರ" ನಮಗೆ ಎರಡು ಅಕ್ಷರ, ರಾ ಮತ್ತು ಷ್ಟ್ರ. ಕಂಪ್ಯೂಟರಿಗೆ ಅದು ಏಳು. ನಾಲ್ಕನೆಯದರ ಹತ್ತಿರ ಕತ್ತರಿಸಿದರೆ "ರಾಷ್" ಅಂತ ಉಳಿಯುತ್ತದೆ. ಅಕ್ಷರ ಎಣಿಸುವುದನ್ನು ಬಿಟ್ಟು ಪದ ಎಣಿಸಿ ಕತ್ತರಿಸುವ ಹಾಗೆ ಮಾಡಿಸಿದೆ. ದಪ್ಪ ತಲೆಬರಹದಲ್ಲಿ ಅಕ್ಷರ ಅಕ್ಷರದ ನಡುವೆ ಜಾಗ ಬಿಡುವ ಇಂಗ್ಲಿಷಿನ ಶೈಲಿಯನ್ನೂ ತೆಗೆದೆ, ಅದರಿಂದ ಕನ್ನಡ ಪದದ ಕಟ್ಟು ಬಿಚ್ಚಿಹೋಗುತ್ತದೆ. ಓರೆ ಅಕ್ಷರ ತೆಗೆದೆ. ಇಂಗ್ಲಿಷಿನ ಹಾಗೆ ದೊಡ್ಡಕ್ಷರ ನಮಗೆ ಇಲ್ಲವೇ ಇಲ್ಲ. ಹಾಗಾದರೆ ಮುಖ್ಯವಾದದ್ದನ್ನು ಎತ್ತಿ ತೋರಿಸುವುದು ಹೇಗೆ? ಗಾತ್ರ, ದಪ್ಪ, ಬಣ್ಣ, ಸುತ್ತಲಿನ ಖಾಲಿ ಜಾಗ. ಇಷ್ಟೇ ಸಾಮಾನು. ಸಾಕು.

ಇಷ್ಟೆಲ್ಲ ಸರಿ ಮಾಡಿಯೂ ಆ ಬಟನ್ ತಪ್ಪಿಹೋಗಿತ್ತು. ವೆಬ್‌ಸೈಟ್ ಶುರುವಾಗಿ ಮೂರು ವಾರ ಆದ ಮೇಲೆ ಓದುಗರೊಬ್ಬರು ಬರೆದು ತಿಳಿಸಿದರು, ನಿಮ್ಮಲ್ಲಿ ಪುಸಕಗಳು ಸಿಗುತ್ತವೆಯೇ ಅಂತ. ಅವತ್ತು ರಾತ್ರಿ ಎಲ್ಲ ಬಟನ್, ಎಲ್ಲ ಮೆನು, ಎಲ್ಲ ಡಬ್ಬಿಗಳ ಎತ್ತರ ಬದಲಾಯಿಸಿದೆ.

ಈ ಮುಂದಿನ ಪೋಸ್ಟರ್ ನೋಡಿ ಕೆಲವರ ಮುಖ ಅರಳಿತು. ಯಕ್ಷಗಾನದ ಬಡಗುತಿಟ್ಟು ಶೈಲಿಯ ಒಂದು ಮೇಳಕ್ಕೆ ಮಾಡಿದ್ದು. ಕಪ್ಪು ಹಿನ್ನೆಲೆ, ಮೇಲೆ "ಯಕ್ಷಗಾನ" ಅನ್ನುವ ಪದ. ಆ ಪದವನ್ನು ಯಾವ ಫಾಂಟಿನಿಂದಲೂ ತಗೊಂಡಿಲ್ಲ, ಕೈಯಲ್ಲಿ ಬರೆದದ್ದು. ಮೊದಲು ನಾನು ಪ್ರತಿ ಅಕ್ಷರವನ್ನೂ ಕೇದಗೆ ಮುಂದಲೆ ಅನ್ನುವ ವೇಷದ ತಲೆಯುಡುಗೆಯ ಆಕಾರಕ್ಕೆ ತಂದಿದ್ದೆ. ತಲೆಕಟ್ಟಿನ ಜಾಗದಲ್ಲಿ ಮುಂದಲೆಯ ಎಸಳು, ಕೆಳಗೆ ಜರಿಯ ಗೆರೆ. ನಾಲ್ಕು ದಿನದ ಕೆಲಸ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವ ಹೊತ್ತಿಗೆ ಹೋಗಿ ಯಜಮಾನರಿಗೆ ತೋರಿಸಿದೆ. ಅವರು ಮೆಚ್ಚಿಕೊಂಡರು. ಆಮೇಲೆ ಪೋಸ್ಟರನ್ನು ಎದುರಿನ ಗೋಡೆಗೆ ಒರಗಿಸಿ, ರಸ್ತೆಯ ಆಚೆ ಬದಿಗೆ ನನ್ನನ್ನು ಕರೆದುಕೊಂಡು ಹೋದರು. "ಇದು ಸಾಯಂಕಾಲ ಓಡೋ ಬಸ್ಸಿಂದ ಓದ್ಲಿಕ್ಕೆ ಆಗ್ಬೇಕು ಮಾರಾಯ್ತಿ" ಅಂದರು. ಅಲ್ಲಿಂದ ನೋಡಿದರೆ ಎಸಳು ಮಾತ್ರ ಕಾಣುತ್ತಿತ್ತು, ಪದ ಇಲ್ಲ.

ಮತ್ತೆ ಶುರು ಮಾಡಿದೆ. ಈ ಸಲ ಸಿಂಗಾರವನ್ನೆಲ್ಲ ಒಂದೇ ಅಕ್ಷರಕ್ಕೆ ಕೊಟ್ಟೆ, ಕ್ಷ. ಆ ಪದದ ಹೊಕ್ಕುಳು ಅದೇ. ಮೇಲೆ ಕ, ಕೆಳಗೆ ಷ ಒತ್ತು. ಒತ್ತನ್ನು ಸಾಮಾನ್ಯವಾಗಿ ಸಣ್ಣದಾಗಿ, ಬಲಕ್ಕೆ ಸರಿಸಿ ಬರೆಯುತ್ತೇವೆ. ಇಲ್ಲಿ ಅದನ್ನು ದೊಡ್ಡದು ಮಾಡಿ, ಕುಣಿಯುವವರು ಮಂಡಿಯೂರಿ ಸುತ್ತುವಾಗ ಬಟ್ಟೆಯ ನೆರಿಗೆ ಹರಡುತ್ತದಲ್ಲ, ಹಾಗೆ ಕೆಳಕ್ಕೆ ಇಳಿಬಿಟ್ಟೆ. ಉಳಿದ ಮೂರು ಅಕ್ಷರ ದಪ್ಪಗೆ, ಸರಳವಾಗಿ, ನಮ್ಮೂರಿನ ಬೋರ್ಡ್ ಬರೆಯುವ ಪೇಂಟರುಗಳು ಚಪ್ಪಟೆ ಬ್ರಷ್ಷಿನಲ್ಲಿ ಎಳೆಯುವ ಹಾಗೆ. ಕ್ಷ ಒಂದನ್ನೇ ಹದಿನೇಳು ಸಲ ಬರೆದಿದ್ದೇನೆ, ಹಾಳೆಗಳು ಇನ್ನೂ ಇವೆ. ಪ್ರಸಂಗದ ಹೆಸರು, ದಿನ, ಊರು ಎಲ್ಲ ಆ ಒತ್ತಿನ ಬಲಕ್ಕೆ ಬಿಟ್ಟ ಜಾಗದಲ್ಲಿ ಕೂತವು. ಅಂದರೆ ಇಡೀ ಪೋಸ್ಟರಿನ ಚೌಕಟ್ಟನ್ನು ಒಂದು ಒತ್ತಕ್ಷರ ತೀರ್ಮಾನ ಮಾಡಿತು. ಒತ್ತನ್ನು ತೊಂದರೆ ಅಂದುಕೊಂಡು ವರ್ಷಗಟ್ಟಲೆ ಅದಕ್ಕೆ ಜಾಗ ಹೊಂದಿಸುತ್ತಿದ್ದೆ. ಅದೇ ವಿನ್ಯಾಸದ ಬೆನ್ನೆಲುಬು ಆಗಬಹುದು ಅಂತ ಗೊತ್ತಾಗಿದ್ದು ಅವತ್ತು.

ಕೈಬರಹದ ಬಗ್ಗೆ ಇನ್ನೊಂದು ಮಾತು. ಕನ್ನಡದ ಮೊದಲ ಪತ್ರಿಕೆ "ಮಂಗಳೂರು ಸಮಾಚಾರ" 1843ರ ಜುಲೈ 1ರಂದು ಹೊರಬಂದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚು ಅಂದರೆ ಮೊಳೆ ಜೋಡಿಸುವುದಲ್ಲ, ಬರೆದ ಅಕ್ಷರವೇ ಕಲ್ಲಿನ ಮೇಲಿಂದ ಕಾಗದಕ್ಕೆ ಇಳಿಯುವುದು. ನಮ್ಮ ಪತ್ರಿಕೆಗಳ ಚರಿತ್ರೆ ಕೈಬರಹದಿಂದ ಶುರುವಾಗಿದೆ. ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದು ಹಾಳೆಯಲ್ಲಿ ಆ ಪದವನ್ನು ಹತ್ತು ಸಲ ಬರೆಯಿರಿ ಅಂತ ನಾನು ಹೊಸಬರಿಗೆ ಹೇಳುವುದು ಸುಮ್ನೆ ಅಲ್ಲ.

ಮೇಳಕ್ಕೆ ವೆಬ್‌ಸೈಟನ್ನೂ ಮಾಡಿದೆ, ಅದರಲ್ಲಿ ಹೇಳುವಂಥದ್ದು ಕಮ್ಮಿ. ಮುಂದಿನ ಆಟ ಯಾವ ಊರಲ್ಲಿ ಅನ್ನುವುದು ಮೇಲೆ, ಫೋನ್ ನಂಬರ್ ಕೆಳಗೆ. ಅಷ್ಟೇ ಬೇಕಿತ್ತು, ಅಷ್ಟೇ ಮಾಡಿದೆ. ಒಂದು ಗ್ರಂಥಾಲಯಕ್ಕೆ ಎಸ್ಸೆಮ್ಮೆಸ್ ಸಂದೇಶಗಳನ್ನು ಬರೆದುಕೊಟ್ಟದ್ದೂ ಇಂಥದ್ದೇ ಸಣ್ಣ ಕೆಲಸ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಯುತ್ತದೆ. ಕನ್ನಡದಲ್ಲಿ 70 ಮಾತ್ರ, ಅದೂ ಕಂಪ್ಯೂಟರ್ ಎಣಿಸುವ 70, "ರಾಷ್ಟ್ರ"ಕ್ಕೇ ಏಳು ಖರ್ಚಾಗುವಂಥದ್ದು. "ತಾವು ಎರವಲು ಪಡೆದಿರುವ ಗ್ರಂಥವನ್ನು ಹಿಂತಿರುಗಿಸತಕ್ಕದ್ದು" ಅನ್ನುವ ಸಾಲು "ಪುಸ್ತಕ ವಾಪಸ್ ಕೊಡಿ" ಅಂತಾಯಿತು. ಜಾಗದ ಅಭಾವದಿಂದ ಭಾಷೆ ಮನೆಮಾತಿನ ಹತ್ತಿರ ಬಂತು.

ಕೊನೆಯದಾಗಿ ಈ ಕಾರ್ಡುಗಳು. ನನ್ನ ದೊಡ್ಡಮ್ಮನ ಮಗಳು ಅಮೆರಿಕದಲ್ಲಿದ್ದಾಳೆ. ಶನಿವಾರ ಅಲ್ಲಿನ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಾಳೆ. ಒಂದು ದಿನ ಫೋನ್ ಮಾಡಿ, "ಮಕ್ಕಳು ಕಾಗುಣಿತದ ತನಕ ಖುಷಿಯಾಗಿ ಬರ್ತಾರೆ ಕಣೇ, ಒತ್ತಕ್ಷರ ಬಂದ ತಕ್ಷಣ ಹೆದರಿಕೊಳ್ತಾರೆ" ಅಂದಳು. ಲೆಕ್ಕ ಹಾಕಿದರೆ ಹೆದರಿಕೆ ಸಹಜ. 34 ವ್ಯಂಜನ, ಒಂದೊಂದಕ್ಕೂ 34 ಒತ್ತು ಬರಬಹುದು ಅಂದರೆ 1156 ಜೋಡಿ. ಎಲ್ಲವೂ ಬಳಕೆಯಲ್ಲಿ ಇಲ್ಲ, ಆದರೂ ಮಗುವಿಗೆ ಅದು ಬೆಟ್ಟದ ಹಾಗೆ ಕಾಣುತ್ತದೆ.

ಆಗ ನನಗೆ ಹೊಳೆದದ್ದು ಒಂದು ವಿಷಯ. ಮಗು ಮೊದಲು ಆಡುವ ಮಾತುಗಳನ್ನು ನೆನೆಸಿಕೊಳ್ಳಿ. ಅಮ್ಮ. ಅಪ್ಪ. ಅಕ್ಕ. ಅಣ್ಣ. ಅಜ್ಜ. ಅಜ್ಜಿ. ತಮ್ಮ. ಚಿಕ್ಕಪ್ಪ. ಎಲ್ಲದರಲ್ಲೂ ಒತ್ತು! ಬಾಯಿಗೆ ಎಲ್ಲಕ್ಕಿಂತ ಮೊದಲು ಬರುವ ಪದಗಳನ್ನು ನಾವು ಕೈಗೆ ಎಲ್ಲಕ್ಕಿಂತ ಕೊನೆಗೆ ಕಲಿಸುತ್ತಿದ್ದೇವೆ. ಹಾಗಾಗಿ ಈ ಪೆಟ್ಟಿಗೆಯ ಮೊದಲ ಕಾರ್ಡೇ "ಅಮ್ಮ". ಎರಡನೆಯದು "ಅಪ್ಪ".

ಒತ್ತನ್ನು ಬೇರೆ ಬಣ್ಣದಲ್ಲಿ ತೋರಿಸಬೇಕಿತ್ತು. ಕಾಗದದ ಕಾರ್ಡಿನಲ್ಲಿ ಅದು ಸುಲಭ. ಫೋನಿಗೆ ಮಾಡುವಾಗ ತುಂಬಾ ಒದ್ದಾಡಿದೆ. ವೆಬ್‌ನಲ್ಲಿ ಅಕ್ಷರ ಮತ್ತು ಒತ್ತು ಕೂಡಿಕೊಂಡು ಒಂದೇ ಆಗುತ್ತವೆ. ನಡುವೆ ಬಣ್ಣ ಬದಲಾಯಿಸಲು ಹೋದರೆ ಬೆಸುಗೆ ಬಿಟ್ಟುಹೋಗುವ ಸಾಧ್ಯತೆ ಜಾಸ್ತಿ, "ಅಮ್‌ಮ" ಅಂತ ಆಗಿಬಿಡುತ್ತದೆ. ಹಾಗಾಗಿ ಪ್ರತಿ ಒತ್ತನ್ನೂ ಬೇರೆಯಾಗಿ ರೇಖಾಚಿತ್ರವಾಗಿ ಬರೆದೆ. ಬರೆಯುವಾಗ ಗಮನಿಸಿದೆ, ಹೆಚ್ಚಿನ ಒತ್ತುಗಳು ತಲೆಕಟ್ಟು ತೆಗೆದ ಅದೇ ಅಕ್ಷರಗಳು. ಕ, ಪ, ಚ, ಟ, ಎಲ್ಲ ಹಾಗೇ. ಆಕಾರವೇ ಬೇರೆಯಾಗುವುದು ತ, ನ, ಮ, ಯ, ರ, ಲ. ಮಕ್ಕಳು ಹೊಸದಾಗಿ ಕಲಿಯಬೇಕಾದದ್ದು 1156 ಅಲ್ಲ, ಈ ಆರು. ಅವಕ್ಕೆ ಕಿತ್ತಳೆ ಬಣ್ಣ ಕೊಟ್ಟೆ, ಉಳಿದವಕ್ಕೆ ನೀಲಿ. ಪರದೆಯ ಮೇಲೆ ಮಗು ಬೆರಳಿಟ್ಟರೆ ಒತ್ತು ಕೆಳಗಿನಿಂದ ಬಂದು ತನ್ನ ಅಕ್ಷರಕ್ಕೆ ಸೇರಿಕೊಳ್ಳುತ್ತದೆ. ಅಕ್ಕ ಕಳಿಸಿದ ವಿಡಿಯೋದಲ್ಲಿ ಆರು ವರ್ಷದ ಒಂದು ಹುಡುಗಿ "ಅಮ್ಮ"ದ ಕಾರ್ಡನ್ನು ಒತ್ತಿ ಒತ್ತಿ ನೋಡುತ್ತಿದ್ದಳು. ಬಿಡಿಸುತ್ತಾಳೆ, ಸೇರಿಸುತ್ತಾಳೆ. ಆಮೇಲೆ ಪೆನ್ಸಿಲ್ ತಗೊಂಡು ಬರೆದಳು. ಒತ್ತು ಮೇಲಿನ ಅಕ್ಷರಕ್ಕಿಂತ ದೊಡ್ಡದಾಗಿತ್ತು.

ಈಗ ನಿಮ್ಮಲ್ಲೊಬ್ಬರು ಕೇಳಿದ ಪ್ರಶ್ನೆ, ಕನ್ನಡಕ್ಕೆ ಯಾವ ಫಾಂಟ್ ಬಳಸಬೇಕು ಅಂತ. ನಾನು ಬೆಳೆಯುವಾಗ ಇದ್ದದ್ದು ಬೆರಳೆಣಿಕೆಯಷ್ಟು. ಈಗ ನೋಟೊ ಇದೆ, ಫಾಂಟ್ ರೂಪಿಸುವ ಎಕ್ ಟೈಪ್ ಸಂಸ್ಥೆಯವರ ಬಲೂ ತಮ್ಮ ಇದೆ, 2022ರಲ್ಲಿ ಬಂದ ಅನೇಕ್ ಇದೆ, ಅಕಾಯ ಕನಡಕ ಇದೆ. ಎಲ್ಲವೂ ಉಚಿತವಾಗಿ ಸಿಗುತ್ತವೆ. ಅನೇಕ್‌ನಲ್ಲಿ ಅಕ್ಷರವನ್ನು ತೆಳ್ಳಗಿನಿಂದ ದಪ್ಪಕ್ಕೆ, ಇಕ್ಕಟ್ಟಿನಿಂದ ಅಗಲಕ್ಕೆ ಬೇಕಾದ ಹಾಗೆ ಎಳೆಯಬಹುದು. ಇದನ್ನೆಲ್ಲ ನೋಡಿದ್ದರೆ ನಮ್ಮ ಅಜ್ಜ ಎಷ್ಟು ಸಂತೋಷ ಪಡುತ್ತಿದ್ದರು.

ಹೆಸರು ಕೇಳಿ ಆರಿಸಬೇಡಿ. ನಾನು ಯಾವ ಫಾಂಟ್ ಬಂದರೂ ಮೊದಲು ಹಾಕಿ ನೋಡುವ ಒಂದು ಸಾಲು ಇದೆ, ಬರೆದುಕೊಳ್ಳಿ. "ರಾಜ್‌ಕುಮಾರ್ ರಾಷ್ಟ್ರದ ಸ್ತ್ರೀಯರಿಗೆ ಸೂರ್ಯನ ಪುಸ್ತಕ, ಚಿ॥ ಕೃಷ್ಣನಿಗೆ ಅಂಗಳ ೧೦". ಅರ್ಥ ಹುಡುಕಬೇಡಿ. ಎರಡೆರಡು ಒತ್ತು, ಅರ್ಕಾವೊತ್ತು, ವಟ್ರಸುಳಿ, ಗೀಟು, ಅನುಸ್ವಾರ, ಸೊನ್ನೆ ಎಲ್ಲ ಇದರಲ್ಲಿದೆ. ರಾಜ್ ಮತ್ತು ಕುಮಾರ್ ಬೇರೆಯಾಗಿ ನಿಂತಿದ್ದಾರೋ, ಇಲ್ಲ ಕ ಹೋಗಿ ಜ ಕೆಳಗೆ ಒತ್ತಾಗಿ ಕೂತಿದೆಯೋ ನೋಡಿ. ಆಮೇಲೆ ಇದೇ ಸಾಲನ್ನು ಒಂದರ ಕೆಳಗೆ ಒಂದು ಮೂರು ಸಲ ಹಾಕಿ, ಫೋನಿನಲ್ಲಿ ತೆರೆದು, ಕೈ ಉದ್ದ ಮಾಡಿ ಹಿಡಿಯಿರಿ.

ಲ್ಯಾಪ್‌ಟಾಪ್ ತಂದವರು ಮುಂದಿನ ಸಾಲಿಗೆ ಬನ್ನಿ. ನಿಮ್ಮ ನಿಮ್ಮ ಕೆಲಸಗಳಲ್ಲಿ ಈ ಸಾಲನ್ನು ಈಗಲೇ ಹಾಕಿ ನೋಡೋಣ.